ಬಾಗಿಲು ಕಾಯುವವನ ಧಣಿ ಯಾರು?

ಮಂಗಳೂರಿನ ಪೇಟೆಯಿಂದ ಬಜ್ಪೆಯ ವಿಮಾನ ನಿಲ್ದಾಣದತ್ತ ಹೊರಟವರಿಗೆ ಬೊಂದೇಲು ದಾಟಿದೊಡನೆ ಕಾವೂರು ಸಿಗುತ್ತದೆ. ಅಲ್ಲಿಂದ ಒಂದು ದಾರಿ ಕೂಳೂರಿನ ಕಡೆಗೆ ಇಳಿದು ಪಣಂಬೂರಿನ ಬಂದರಿಗೆ ಹತ್ತಿರವಾಗುತ್ತದೆ. ಇನ್ನೊಂದು ಮರವೂರಿನಲ್ಲಿ ಫಲ್ಗುಣಿ ಹೊಳೆಯನ್ನು ದಾಟಿ ವಿಮಾನ ನಿಲ್ದಾಣದ ಗುಡ್ಡವನ್ನೇರುತ್ತದೆ. ಮಹಾಲಿಂಗೇಶ್ವರನ ಹಳೆಯ ದೇವಸ್ಥಾನ, ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ನೌಕರರ ವಸತಿ ಬಡಾವಣೆ, ಈಚಿನ ವರ್ಷಗಳಲ್ಲಿ ಸುತ್ತಮುತ್ತ ಎದ್ದುನಿಂತ ಬಹುಮಹಡಿ ಮನೆಗಳು, ಶಾಲೆ, ಆಸ್ಪತ್ರೆ, ಅಂಗಡಿ ಸಾಲುಗಳು – ಇವೆಲ್ಲವೂ ಸೇರಿ ಊರು ನಗರವಾದ ಕತೆಯನ್ನು ಹೇಳುತ್ತವೆ.

ಊರು ನಗರವಾದಂತೆ ಗೇಟುಗಳು ಹೆಚ್ಚಿದವು. ಗೇಟು ಹೆಚ್ಚಿದಂತೆ ಅದರ ಪಕ್ಕದಲ್ಲಿ ಸಮವಸ್ತ್ರ ತೊಟ್ಟು ನಿಂತವರೂ ಹೆಚ್ಚಿದರು. ಬೆಳಗ್ಗೆ ಮಕ್ಕಳ ಶಾಲಾವಾಹನ ಬಂದಾಗ ಗೇಟು ತೆರೆಯುವವನು, ನಡುರಾತ್ರಿ ಅಪರಿಚಿತರನ್ನು ತಡೆದು ಹೆಸರು ಬರೆಸಿಕೊಳ್ಳುವವನು, ಮಳೆಗಾಲದಲ್ಲಿ ಕೊಡೆ ಹಿಡಿದು ಅಜ್ಜಿಯನ್ನು ಆಟೋದವರೆಗೆ ತಲಪಿಸುವವನು ಇವನೇ. ಅವನ ತೋಳಿನ ಪಟ್ಟಿಯ ಮೇಲೆ ಒಂದು ಹೆಸರು ಹೊಲಿದಿರುತ್ತದೆ. ಅವನು ಕಾಯುವ ಕಟ್ಟಡದ ಫಲಕದ ಮೇಲೆ ಇನ್ನೊಂದು ಹೆಸರಿರುತ್ತದೆ. ಕೆಲಸ ಈ ಹೆಸರಿನವರದು, ಸಂಬಳ ಆ ಹೆಸರಿನವರದು. ಒಂದು ದಿನ ಅವನು ‘ಇನ್ನು ಸಾಕು, ನ್ಯಾಯ ದೊರಕುವವರೆಗೆ ಕೆಲಸಕ್ಕೆ ಬರುವುದಿಲ್ಲ’ ಎಂದು ಮುಷ್ಕರ ಹೂಡಿದನೆನ್ನಿ. ಆ ಮುಷ್ಕರ ಯಾವ ಹೆಸರಿನವರ ವಿರುದ್ಧ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದೇ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹಲವು ಬಾರಿ ಹತ್ತಿಳಿದಿದೆ. ವಿದೇಶಗಳ ರಾಯಭಾರ ಕಚೇರಿಗಳ ಬಾಗಿಲಲ್ಲಿ ನಿಲ್ಲುವ ಕಂತ್ರಾಟು ಕಾವಲುಗಾರರ ಪಾಲಿಗಂತೂ ಇದು ಇನ್ನೂ ಕಗ್ಗಂಟಾಗಿದೆ.

ಎರಡು ಬಗೆಯ ಸಮವಸ್ತ್ರ

ಪಣಂಬೂರಿನ ಬಂದರು, ಅದರಾಚೆಯ ತೈಲ ಶುದ್ಧೀಕರಣ ಕಾರ್ಖಾನೆ, ಬಜ್ಪೆಯ ವಿಮಾನ ನಿಲ್ದಾಣ – ಈ ಮೂರನ್ನೂ ಕಾಯುವುದು ಕೇಂದ್ರ ಕೈಗಾರಿಕಾ ಭದ್ರತಾ ದಳ. 1969ರ ಮಾರ್ಚ್ 10ರಂದು ರೂಪುಗೊಂಡ ಈ ದಳದವರು ಭಾರತ ಸರ್ಕಾರದ ನೌಕರರು. ಸಂಬಳ, ನಿವೃತ್ತಿ, ಬಡ್ತಿ ಎಲ್ಲಕ್ಕೂ ಗೊತ್ತಾದ ಕ್ರಮವುಂಟು. ಆದರೆ ಒಂದನ್ನು ಮಾತ್ರ ಅವರು ಮಾಡುವಂತಿಲ್ಲ: ಮುಷ್ಕರ.

ಮಾಡಿ ನೋಡಿದ್ದೂ ಉಂಟು. 1979ರ ಜೂನ್ ತಿಂಗಳಲ್ಲಿ ಬೊಕಾರೊ ಉಕ್ಕಿನ ಕಾರ್ಖಾನೆಯಲ್ಲಿ ಈ ದಳದವರು ತಮ್ಮ ಬೇಡಿಕೆಗಳಿಗಾಗಿ ಚಳವಳಿಗಿಳಿದಾಗ ಸರ್ಕಾರ ಸೈನ್ಯವನ್ನೇ ಕರೆಸಿತು. ಗುಂಡು ಹಾರಿತು, ಹಲವರು ಪ್ರಾಣ ತೆತ್ತರು. 1983ರಲ್ಲಿ ಕಾನೂನನ್ನೇ ತಿದ್ದಿ ದಳವನ್ನು ಕೇಂದ್ರದ ಸಶಸ್ತ್ರ ಪಡೆಯೆಂದು ಸಾರಲಾಯಿತು. ಕರ್ನಾಟಕದಲ್ಲಿಯೂ 2016ರ ಜೂನ್ 4ರಂದು ಪೊಲೀಸರು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಹೊರಟಾಗ, ರಾಜ್ಯ ಸರ್ಕಾರ ಕಠಿಣ ಕ್ರಮಕ್ಕೆ ಮುಂದಾಗಿ ಕರೆ ಕೊಟ್ಟವರನ್ನು ಬಂಧಿಸಿತು. ಅಂದು ಠಾಣೆಗಳು ಎಂದಿನಂತೆ ನಡೆದವು. ಆದರೂ ಆ ಕೂಗು ವ್ಯರ್ಥವಾಗಲಿಲ್ಲ. ವೇತನ ಪರಿಶೀಲನೆಗೆ ಔರಾದ್ಕರ್ ಸಮಿತಿ ನೇಮಕವಾಗಿ, ಅದರ ಶಿಫಾರಸಿನಂತೆ 2019ರಲ್ಲಿ ಸಂಬಳ ಪರಿಷ್ಕರಣೆಯಾಯಿತು.

ಕಾವೂರಿನ ಗೇಟಿನಲ್ಲಿ ನಿಂತವನದು ಇನ್ನೊಂದು ಬಗೆಯ ಸಮವಸ್ತ್ರ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾನೂನಿನ ಪ್ರಕಾರ, ಪರವಾನಗಿ ಪಡೆದ ಸಂಸ್ಥೆ ಮಾತ್ರ ಇಂಥವರನ್ನು ಒದಗಿಸಬಹುದು. ವಯಸ್ಸು 18ರಿಂದ 65ರೊಳಗಿರಬೇಕು. ಕೇಂದ್ರದ ಮಾದರಿ ನಿಯಮಗಳಂತೆ 100 ಗಂಟೆ ಪಾಠ, 60 ಗಂಟೆ ಪ್ರತ್ಯಕ್ಷ ಅಭ್ಯಾಸ, ಒಟ್ಟು 160 ಗಂಟೆಗಳ ತರಬೇತಿಯಾಗಬೇಕು. ಈತ ಸರ್ಕಾರಿ ಸಿಪಾಯಿಯಲ್ಲವಾದ್ದರಿಂದ ಸಂಘ ಕಟ್ಟಬಹುದು, ಕಾನೂನಿನ ಕ್ರಮದಲ್ಲಿ ಮುಷ್ಕರವನ್ನೂ ಹೂಡಬಹುದು.

ಹೀಗೆ ಒಬ್ಬನಿಗೆ ಧಣಿಯುಂಟು, ಮುಷ್ಕರವಿಲ್ಲ. ಇನ್ನೊಬ್ಬನಿಗೆ ಮುಷ್ಕರವುಂಟು, ಧಣಿಯಿಲ್ಲ.

1976ರ ಒಂದು ಆಜ್ಞೆ

ಧಣಿಯಿಲ್ಲವೆಂದರೆ ಏನರ್ಥ? ಕಟ್ಟಡದ ಒಡೆಯನನ್ನು ಕೇಳಿದರೆ, “ಆತ ನಮ್ಮ ನೌಕರನಲ್ಲ, ಕಂತ್ರಾಟುದಾರನ ಆಳು” ಎನ್ನುತ್ತಾನೆ. ಕಂತ್ರಾಟುದಾರನನ್ನು ಕೇಳಿದರೆ, “ಒಡೆಯರು ಕೊಡುವ ದರವೇ ಅಷ್ಟು, ಅದರೊಳಗೆ ನಾನೇನು ಮಾಡಲಿ?” ಎಂದು ಕೈಚೆಲ್ಲುತ್ತಾನೆ. ಎರಡು ಮಾತೂ ಸುಳ್ಳಲ್ಲ. ಎರಡು ನಿಜಗಳ ನಡುವೆ ಕಾವಲುಗಾರ ಸಿಕ್ಕಿಬಿದ್ದಿದ್ದಾನೆ.

ಈ ಇಕ್ಕಟ್ಟು ಸರ್ಕಾರಕ್ಕೆ ತಿಳಿಯದ್ದೇನಲ್ಲ. 1970ರಲ್ಲಿ ಸಂಸತ್ತು ಕಂತ್ರಾಟು ಕಾರ್ಮಿಕರ ನಿಯಂತ್ರಣ ಮತ್ತು ರದ್ದತಿ ಕಾನೂನನ್ನು ಮಾಡಿತು. 1971ರ ಫೆಬ್ರುವರಿ 10ರಿಂದ ಅದು ಜಾರಿಗೆ ಬಂತು. ಸದಾಕಾಲ ನಡೆಯುವ ಕೆಲಸಗಳಲ್ಲಿ ಕಂತ್ರಾಟು ಪದ್ಧತಿಯನ್ನು ನಿಷೇಧಿಸುವ ಅಧಿಕಾರ ಈ ಕಾನೂನಿನಿಂದ ಸರ್ಕಾರಕ್ಕೆ ಬಂದಿತು. ಕುದುರೆಮುಖ ಕಂಪನಿ ಹುಟ್ಟಿದ 1976ರಲ್ಲೇ, ಡಿಸೆಂಬರ್ 9ರಂದು, ಕೇಂದ್ರ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ಕೇಂದ್ರದ ವ್ಯಾಪ್ತಿಗೆ ಸೇರಿದ ಸಂಸ್ಥೆಗಳ ಕಟ್ಟಡಗಳನ್ನು ಗುಡಿಸುವುದಕ್ಕೆ, ತೊಳೆಯುವುದಕ್ಕೆ, ಧೂಳು ಹೊಡೆಯುವುದಕ್ಕೆ ಮತ್ತು ಕಾಯುವುದಕ್ಕೆ ಕಂತ್ರಾಟು ಆಳುಗಳನ್ನು ಬಳಸಕೂಡದು. ಬಾಗಿಲು ಎಂದಿಗೂ ಇರುವಂಥದು; ಆದ್ದರಿಂದ ಬಾಗಿಲು ಕಾಯುವ ಕೆಲಸವೂ ಎಂದಿಗೂ ಇರುವಂಥದೇ ಎಂಬ ಸರಳ ತರ್ಕ ಅದರಲ್ಲಿತ್ತು.

ಆಜ್ಞೆಯೇನೋ ಹೊರಟಿತು. ನಿಷೇಧವಾದ ಮೇಲೆ, ಅಲ್ಲಿಯವರೆಗೆ ದುಡಿಯುತ್ತಿದ್ದವರ ಗತಿಯೇನು? ಅವರು ಆ ಸಂಸ್ಥೆಯ ನೌಕರರಾಗುತ್ತಾರೆಯೇ, ಅಥವಾ ಬೀದಿಗೆ ಬೀಳುತ್ತಾರೆಯೇ? ಕಾನೂನು ಈ ವಿಷಯದಲ್ಲಿ ಮೌನವಾಗಿತ್ತು. 1996ರಲ್ಲಿ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ನಿಷೇಧವಾದ ಕ್ಷಣದಿಂದಲೇ ಅವರು ಸಂಸ್ಥೆಯ ನೌಕರರೆಂದು ತೀರ್ಪಿತ್ತಿತು. ಸಾವಿರಾರು ಮನೆಗಳಲ್ಲಿ ಆಸೆ ಚಿಗುರಿತು. ಅದರ ಆಯುಸ್ಸು ಐದೇ ವರ್ಷ. 2001ರ ಆಗಸ್ಟ್ 30ರಂದು ಭಾರತೀಯ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಮಗುಚಿತು. ನೌಕರಿ ತಾನಾಗಿ ದೊರೆಯುವುದಿಲ್ಲವೆಂದಿತು. 1976ರ ಆಜ್ಞೆಯನ್ನೂ, ಒಂದೊಂದು ಸಂಸ್ಥೆಯ ಪರಿಸ್ಥಿತಿಯನ್ನು ಬೇರೆಬೇರೆಯಾಗಿ ಪರಿಶೀಲಿಸದೆ ಹೊರಡಿಸಿದ್ದೆಂಬ ಕಾರಣಕ್ಕೆ, ರದ್ದು ಮಾಡಿತು. ಕಂತ್ರಾಟು ಬರಿಯ ತೋರಿಕೆಯದೆಂದು ರುಜುವಾತಾದರೆ ಮಾತ್ರ ಆಳು ಒಡೆಯನ ನೌಕರನಾಗಬಲ್ಲ ಎಂಬ ಒಂದು ಕಿಂಡಿ ಉಳಿಯಿತು.

ಚಕ್ರ ಪೂರ್ತಿ ತಿರುಗಿದ್ದು ಈಚೆಗೆ. 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ, ಸಂಸ್ಥೆಯ ಮುಖ್ಯ ಕೆಲಸಗಳಲ್ಲಿ ಕಂತ್ರಾಟನ್ನು ನಿಷೇಧಿಸುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಮುಖ್ಯವಲ್ಲದ ಕೆಲಸಗಳ ಪಟ್ಟಿಯೊಂದನ್ನೂ ಅದು ಕೊಡುತ್ತದೆ. ಕಾವಲು ಮತ್ತು ಭದ್ರತೆಯ ಕೆಲಸ ಆ ಪಟ್ಟಿಯಲ್ಲಿದೆ. 1976ರಲ್ಲಿ ಕಂತ್ರಾಟು ಕೂಡದೆಂದು ಹೆಸರಿಸಿದ ಕೆಲಸವನ್ನೇ, ಕಂತ್ರಾಟು ಆಗಬಹುದೆಂದು ಈಗ ಹೆಸರಿಸಲಾಗಿದೆ.

ಬ್ಯಾಂಕಿನ ಬಾಗಿಲಲ್ಲಿ ನಿಂತವರು

ಧಣಿ ಯಾರೆಂಬ ಪ್ರಶ್ನೆಗೆ ಕಾವಲುಗಾರರೇ ಉತ್ತರ ಪಡೆದ ಒಂದು ಪ್ರಸಂಗ ಪಂಜಾಬಿನದು. 1980ರ ದಶಕದಲ್ಲಿ ಅಲ್ಲಿ ಭಯೋತ್ಪಾದನೆ ಹಬ್ಬಿ ಬ್ಯಾಂಕುಗಳ ದರೋಡೆ ಸಾಮಾನ್ಯವಾಗಿತ್ತು. ಪೊಲೀಸರ ಸಂಖ್ಯೆ ಸಾಲದಾಗಿ, ಸೇನೆಯಿಂದ ನಿವೃತ್ತರಾದವರನ್ನು ಆರಿಸಿ ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ ಬ್ಯಾಂಕುಗಳ ಬಾಗಿಲಲ್ಲಿ ನಿಲ್ಲಿಸಿದರು. ನೇಮಕ ಪೊಲೀಸರದು, ಶಿಸ್ತು ಪೊಲೀಸರದು. ಸಂಬಳ ಮಾತ್ರ ಬ್ಯಾಂಕಿನದು. ವರ್ಷಗಳು ಉರುಳಿದವು. ಖಾಯಂ ಮಾಡಿರೆಂದು ಅವರು ಕೇಳಿದಾಗ ಬ್ಯಾಂಕು, ಸರ್ಕಾರ ಎರಡೂ ಒಂದನ್ನೊಂದು ತೋರಿಸಿದವು.

2013ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಆಟಕ್ಕೆ ತೆರೆ ಎಳೆಯಿತು. ಆರಿಸಿದವರು, ಆಜ್ಞಾಪಿಸಿದವರು, ಶಿಕ್ಷಿಸುವ ಅಧಿಕಾರವುಳ್ಳವರು ನೀವು. ಸಂಬಳ ಇನ್ನಾರದೋ ಜೇಬಿನಿಂದ ಬಂತೆಂದು ನೀವು ಧಣಿಗಳಲ್ಲದೆ ಹೋಗುವುದಿಲ್ಲ ಎಂಬುದು ಪಂಜಾಬ್ ಸರ್ಕಾರಕ್ಕೆ ಅದು ಹೇಳಿದ ಮಾತಿನ ಸಾರ. ಅವರನ್ನು ಸರ್ಕಾರದ ಸೇವೆಗೆ ಸೇರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು.

ಈ ತೀರ್ಪಿಗೆ ಅಡ್ಡಲಾಗಿ ಸರ್ಕಾರ ಹಿಡಿದ ಗುರಾಣಿ ಕರ್ನಾಟಕದ್ದೆಂಬುದು ಗಮನಾರ್ಹ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಮೊಕದ್ದಮೆಯೆಂದು ಪ್ರಸಿದ್ಧವಾದ 2006ರ ಏಪ್ರಿಲ್ 10ರ ತೀರ್ಪು ಅದು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ವಿಷಯದಲ್ಲಿ ಹೊರಟ ಆ ತೀರ್ಪು, ಹಿಂಬಾಗಿಲಿನ ನೇಮಕವನ್ನು ನ್ಯಾಯಾಲಯ ಖಾಯಂ ಮಾಡಲಾಗದೆಂದಿತು. ಅರ್ಹರ ಅವಕಾಶ ತಪ್ಪಬಾರದೆಂಬ ಸದುದ್ದೇಶ ಅದರದು. ಆದರೆ ಹತ್ತಿಪ್ಪತ್ತು ವರ್ಷ ದುಡಿಸಿಕೊಂಡ ಇಲಾಖೆಗಳು ಅದನ್ನೇ ಆಳುಗಳ ವಿರುದ್ಧ ಹಿಡಿಯತೊಡಗಿದವು. 2024ರ ಡಿಸೆಂಬರಿನಲ್ಲಿ ಜಗ್ಗೋ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ದುರುಪಯೋಗವನ್ನೂ, ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟು ಹೊಣೆ ಜಾರಿಸುವ ರೂಢಿಯನ್ನೂ ಆಕ್ಷೇಪಿಸಿತು.

ಮುಷ್ಕರದ ಮರುದಿನ

ನ್ಯಾಯಾಲಯದ ದಾರಿ ದೂರದ್ದು. ಹಸಿದವನು ಹತ್ತಿರದ ದಾರಿಯನ್ನು ಹುಡುಕುತ್ತಾನೆ. ಆದರೆ ಕಂತ್ರಾಟು ಕಾವಲುಗಾರನ ಮುಷ್ಕರಕ್ಕಿರುವ ತೊಡಕು ವಿಚಿತ್ರವಾದದ್ದು. ಹೊಸ ಸಂಹಿತೆಯಂತೆ 14 ದಿನಗಳ ಮುನ್ಸೂಚನೆ ಕೊಡಬೇಕು. ಆ ಅವಧಿಯಲ್ಲಿ ಬೇರೆ ಆಳುಗಳನ್ನು ಹೊಂದಿಸುವುದು ಕಷ್ಟವಲ್ಲ. ಇನ್ನೊಂದು ತೊಡಕು ಕಂತ್ರಾಟಿನ ಅವಧಿಯದು. ಅವಧಿ ಮುಗಿದು ಹೊಸ ಕಂತ್ರಾಟುದಾರ ಬಂದರೆ, ಅದೇ ಗೇಟಿನಲ್ಲಿ ಅದೇ ಮನುಷ್ಯ ನಿಂತಿದ್ದರೂ ಅವನ ಸೇವೆಯ ಲೆಕ್ಕ ಹೊಸದಾಗಿ ಒಂದರಿಂದ ಆರಂಭವಾಗುವುದುಂಟು. ಮುಂದಾಳಾಗಿ ಮಾತಾಡಿದವನ ಹೆಸರು ಹೊಸ ಪಟ್ಟಿಯಲ್ಲಿ ಬಿಟ್ಟುಹೋದರೆ ಅದನ್ನು ವಜಾ ಎಂದೂ ಯಾರೂ ಕರೆಯುವುದಿಲ್ಲ.

ಹೀಗಿದ್ದರೂ ಮುಷ್ಕರಗಳು ನಡೆದಿವೆ. 2022ರ ಆರಂಭದಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಕಂತ್ರಾಟು ಕಾವಲುಗಾರರು ವಾರಗಟ್ಟಲೆ ಹೊರಗೆ ನಿಂತರು. ಅವರ ಮುಖ್ಯ ಬೇಡಿಕೆಯೇನು? ಕಾಯಿಲೆ ಬಿದ್ದಾಗ ಆಸ್ಪತ್ರೆಯ ಸ್ವಂತ ನೌಕರರಿಗೆ ದೊರೆಯುವ ರಜೆ ಸಂಬಳ ತಮಗೂ ದೊರೆಯಬೇಕೆಂಬುದು! ರೋಗಿಗಳ ಆಲಯವನ್ನು ಕಾಯುವವನಿಗೆ ತಾನೇ ರೋಗಿಯಾಗುವ ಅನುಕೂಲವಿರಲಿಲ್ಲ. ಆಸ್ಪತ್ರೆ ನ್ಯಾಯಾಲಯಕ್ಕೆ ಹೋಗಿ ಬಾಗಿಲ ಬಳಿಯ ಪ್ರದರ್ಶನಕ್ಕೆ ತಡೆ ತಂದಿತು. ಧಣಿಯಲ್ಲವೆನ್ನುವವರೇ ತಡೆಯಾಜ್ಞೆ ತಂದರೆಂಬುದು ಇಲ್ಲಿನ ಸೋಜಿಗ.

ರಾಯಭಾರ ಕಚೇರಿಯ ಹೊಸಿಲು

ಈಗ ಇದೇ ಕಾವಲುಗಾರನನ್ನು ದಿಲ್ಲಿಯ ಚಾಣಕ್ಯಪುರಿಯ ಯಾವುದಾದರೊಂದು ರಾಯಭಾರ ಕಚೇರಿಯ ಬಾಗಿಲಲ್ಲಿ ನಿಲ್ಲಿಸಿ ನೋಡಬಹುದು. 1961ರ ವಿಯೆನ್ನಾ ಒಡಂಬಡಿಕೆಯಂತೆ ಆ ಆವರಣ ಅನುಲ್ಲಂಘನೀಯ. ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಆತಿಥೇಯ ದೇಶದ ಅಧಿಕಾರಿ ಒಳಗೆ ಕಾಲಿಡಲಾಗದು. ಕಾರ್ಮಿಕ ಇಲಾಖೆಯ ತನಿಖಾಧಿಕಾರಿಯೂ ಅಷ್ಟೆ. ಭಾರತ ಇದನ್ನು 1972ರ ಕಾನೂನಿನಿಂದ ತನ್ನದಾಗಿಸಿಕೊಂಡಿದೆ. ಅಲ್ಲದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೆಯ ಕಲಮಿನಂತೆ, ಕೇಂದ್ರ ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ವಿದೇಶೀ ರಾಷ್ಟ್ರವನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಕಂತ್ರಾಟುದಾರನ ಮೇಲೆ ದೂರು ಕೊಡಬಹುದು. ಆದರೆ ಸಂಬಳ ತಪ್ಪಿದಾಗ ಹೊಣೆ ಹೊರಬೇಕಾದ ಮೂಲ ಒಡೆಯ ಒಂದು ಸಾರ್ವಭೌಮ ರಾಷ್ಟ್ರ! ಕಾವೂರಿನ ಗೇಟಿನಲ್ಲಿ ಧಣಿ ಮುಖ ತಿರುಗಿಸುತ್ತಾನೆ. ಇಲ್ಲಿ ಅವನ ಮುಖ ನೋಡುವುದಕ್ಕೇ ಅಪ್ಪಣೆ ಬೇಕು.

ಈ ಗೋಡೆಯಲ್ಲಿಯೂ ಬಿರುಕು ಬಿಟ್ಟಿದೆ. ಲಂಡನ್ನಿನ ಸುಡಾನ್ ರಾಯಭಾರ ಕಚೇರಿಯ ಅಡಿಗೆಯ ಹೆಂಗಸೊಬ್ಬಳೂ ಲಿಬಿಯಾದ ಕಚೇರಿಯ ಮನೆಗೆಲಸದವಳೊಬ್ಬಳೂ ಹೂಡಿದ ದಾವೆಗಳಲ್ಲಿ, 2017ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಇಂಥ ನೌಕರಿಯ ವ್ಯಾಜ್ಯಗಳಿಗೆ ಸಾರ್ವಭೌಮತ್ವದ ರಕ್ಷಣೆಯನ್ನು ಅಡ್ಡ ತರಲಾಗದೆಂದಿತು.

ಸಂಬಳದ ಸಣ್ಣ ತಕರಾರು ರಾಷ್ಟ್ರಗಳ ಸಂಬಂಧವನ್ನೇ ಕದಡಬಲ್ಲದೆಂಬುದಕ್ಕೆ 2013ರ ಡಿಸೆಂಬರ್ ಸಾಕ್ಷಿ. ನ್ಯೂಯಾರ್ಕಿನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ಒಬ್ಬರನ್ನು ಮನೆಗೆಲಸದವಳ ವೀಸಾ ಮತ್ತು ವೇತನದ ಆರೋಪದ ಮೇಲೆ ಬಂಧಿಸಿದಾಗ, ಭಾರತ ಸರ್ಕಾರ ಡಿಸೆಂಬರ್ 17ರಂದು ದಿಲ್ಲಿಯ ಅಮೆರಿಕನ್ ರಾಯಭಾರ ಕಚೇರಿಯ ಮುಂದಿನ ತಡೆಗಟ್ಟುಗಳನ್ನು ತೆಗೆಸಿತು. ಅಮೆರಿಕದ ಕಚೇರಿಗಳಲ್ಲಿ ದುಡಿಯುವ ಭಾರತೀಯರ ಸಂಬಳದ ವಿವರವನ್ನೂ ಕೇಳಿತು. ಆ ವಿವರ ಕೇಳಬೇಕೆಂದು ಹೊಳೆಯಲು ಇಂಥ ಜಗಳವೇ ಬೇಕಾಯಿತು.

ಕಾಬೂಲಿನ ಮಿನಿಬಸ್ಸು

ಕಾವಲನ್ನು ಅಗ್ಗವಾಗಿ ಕೊಳ್ಳುವ ಚಟ ಬಡ ರಾಷ್ಟ್ರಗಳದಷ್ಟೇ ಅಲ್ಲ. ಪರದೇಶಗಳಲ್ಲಿರುವ ಅಮೆರಿಕದ ಕಚೇರಿಗಳ ಸ್ಥಳೀಯ ಕಾವಲನ್ನು, ಅರ್ಹತೆಯುಳ್ಳವರ ಪೈಕಿ ಅತಿ ಕಡಿಮೆ ದರ ಕೂಗಿದವನಿಗೇ ಕೊಡಬೇಕೆಂದು ಅಲ್ಲಿನ ಸಂಸತ್ತು 1990ರಲ್ಲಿ ವಿಧಿಸಿತು. ಅಪಾಯದ ದೇಶಗಳಲ್ಲಿ ಈ ಕಟ್ಟು ಆಗದೆಂದು ಮನಗಂಡು ಆಮೇಲೆ ಸಡಿಲಿಸಬೇಕಾಯಿತು.

ಕನ್ನಡ ನಾಡಿನ ಪೇಟೆಗಳ ಹಳಬರಿಗೆ ‘ಗೂರ್ಖಾ’ ಎಂದರೆ ತಿಳಿಯದವರಿಲ್ಲ. ರಾತ್ರಿಯಲ್ಲಿ ಕೋಲು ಕುಟ್ಟುತ್ತ, ಸೀಟಿ ಊದುತ್ತ ಬೀದಿ ಸುತ್ತಿ, ತಿಂಗಳ ಮೊದಲ ವಾರದಲ್ಲಿ ಮನೆಮನೆಯ ಮುಂದೆ ನಮಸ್ಕರಿಸಿ ನಿಲ್ಲುತ್ತಿದ್ದ ನೇಪಾಳಿ ಅವನು. ಆ ನಾಡಿನವರೇ ಕಾಬೂಲಿನಲ್ಲಿ ಕೆನಡಾದ ರಾಯಭಾರ ಕಚೇರಿಯನ್ನು ಕಂತ್ರಾಟು ಕಂಪನಿಯೊಂದರ ಪರವಾಗಿ ಕಾಯುತ್ತಿದ್ದರು. 2016ರ ಜೂನ್ 20ರ ಬೆಳಗ್ಗೆ ಅವರನ್ನು ಬಿಡಾರದಿಂದ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಮಿನಿಬಸ್ಸಿನ ಮೇಲೆ ಆತ್ಮಾಹುತಿ ದಾಳಿಯಾಯಿತು. ಹಲವು ಕಾವಲುಗಾರರು ಸತ್ತರು. ಹೆಚ್ಚಿನವರು ನೇಪಾಳಿಗಳು, ಇಬ್ಬರು ಭಾರತೀಯರು. ಅವರು ಕಾಯುತ್ತಿದ್ದ ಕಚೇರಿಗೆ ಕಲ್ಲಿನ ಗೋಡೆಯಿತ್ತು, ಬಾಗಿಲಲ್ಲಿ ಬಂದೂಕುಗಳಿದ್ದವು. ಗೋಡೆಯ ಹೊರಗಿನ ದಾರಿಯಲ್ಲಿ ಅವರನ್ನು ಕಾಯುವವರು ಯಾರೂ ಇರಲಿಲ್ಲ.

ಒಂದು ಗೇಟಿನ ಲೆಕ್ಕ

ಮತ್ತೆ ಕಾವೂರಿಗೆ ಬರೋಣ. ಇಲ್ಲಿ ಬಾಂಬಿನ ಭಯವಿಲ್ಲ. ಆದರೆ ಲೆಕ್ಕದ ತಪ್ಪು ಇಲ್ಲಿಯೂ ಉಂಟು, ಅದನ್ನು ಯಾವ ಗೃಹಿಣಿಯೂ ಅಡಿಗೆಮನೆಯಲ್ಲೇ ಕುಳಿತು ಹಾಕಿ ನೋಡಬಹುದು. ಗೇಟಿಗೆ ರಜೆಯಿಲ್ಲ. ವಾರಕ್ಕೆ 168 ಗಂಟೆ ಅದು ಕಾವಲು ಬೇಡುತ್ತದೆ. ಕಾನೂನಿನ ಸಾಮಾನ್ಯ ಮಿತಿ ಒಬ್ಬನಿಗೆ ವಾರಕ್ಕೆ 48 ಗಂಟೆ. ಎಂದರೆ ಒಂದು ಗೇಟಿಗೆ ಮೂರೂವರೆ ಜನ. ಹಬ್ಬ, ಜ್ವರ, ಊರಿನ ಮದುವೆಗಳಿಗೆ ಬದಲಿಯಾಳೂ ಸೇರಿದರೆ ನಾಲ್ವರು. ಹಲವು ಕಡೆ ಇರುವವರು ಇಬ್ಬರೇ: ಹಗಲಿಗೊಬ್ಬ, ರಾತ್ರಿಗೊಬ್ಬ. ದಿನಕ್ಕೆ 12 ಗಂಟೆ, ವಾರಕ್ಕೆ 84 ಗಂಟೆ. ಮಿತಿಗಿಂತ ಹೆಚ್ಚಾದ 36 ಗಂಟೆಗಳಿಗೆ ಇಮ್ಮಡಿ ಕೂಲಿ ಸಲ್ಲಬೇಕು. ಅದು ಸಲ್ಲದಿದ್ದಾಗ, ಆ ಕಟ್ಟಡದ ಮನೆಮನೆಯ ತಿಂಗಳ ಖರ್ಚಿನಲ್ಲಿ ಉಳಿದ ಹಣ ಯಾರ ನಿದ್ರೆಯದೆಂದು ಹೇಳಬೇಕಾಗಿಲ್ಲ.

ಕಾನೂನಿನ ಭಾಷೆಯಲ್ಲಿ ‘ಮೂಲ ಒಡೆಯ’ನೆಂದರೆ ದೂರದ ಕಂಪನಿಯೋ ರಾಯಭಾರಿಯೋ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಕಾವಲಿನ ಕರಾರಿಗೆ ಸಹಿ ಹಾಕಿದ ನಿವಾಸಿಗಳ ಸಂಘವೂ ಆ ಹೊಣೆಯ ಸಮೀಪದಲ್ಲೇ ನಿಂತಿರುತ್ತದೆ. ನೀತಿಯ ದೃಷ್ಟಿಯಿಂದಂತೂ ಸಂದೇಹವೇ ಇಲ್ಲ. ಸಂಘದ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಕೆಲವೇ. ಸಂಸ್ಥೆಗೆ ಪರವಾನಗಿಯುಂಟೇ? ಸಂಬಳ ಕಾವಲುಗಾರನ ಬ್ಯಾಂಕು ಖಾತೆಗೆ ಹೊತ್ತಿಗೆ ಸರಿಯಾಗಿ ಬೀಳುತ್ತದೆಯೇ? ಭವಿಷ್ಯನಿಧಿಗೆ ಅವನ ಪಾಲಿನ ಶೇಕಡಾ 12ನ್ನು ಹಿಡಿದಂತೆ ಸಂಸ್ಥೆಯ ಪಾಲೂ ಸಂದಾಯವಾಗುತ್ತಿದೆಯೇ? ರಾಜ್ಯ ವಿಮೆಗೆ ಅವನಿಂದ ಶೇಕಡಾ 0.75, ಸಂಸ್ಥೆಯಿಂದ ಶೇಕಡಾ 3.25 ಹೋಗುತ್ತಿದೆಯೇ, ಹೆಂಡತಿ ಮಕ್ಕಳ ಔಷಧಕ್ಕೆ ಆ ಚೀಟಿ ಅವನ ಕೈಯಲ್ಲಿದೆಯೇ? ವಾರಕ್ಕೊಂದು ರಜೆ, ಕೂರಲು ಕುರ್ಚಿ, ಹೋಗಲು ಶೌಚಾಲಯ ಉಂಟೇ? ಅತಿ ಕಡಿಮೆ ದರ ಕೂಗಿದವನು ಆ ಕಡಿಮೆಯನ್ನು ಎಲ್ಲಿಂದ ತೆಗೆಯುತ್ತಾನೆಂಬ ಪ್ರಶ್ನೆಯನ್ನು ಕರಾರಿಗೆ ಸಹಿ ಹಾಕುವ ಮೊದಲೇ ಕೇಳುವುದು ಲೇಸು.

ಹಳೆಯ ದೇವಾಲಯಗಳಲ್ಲಿ ಶಿಲ್ಪಿ ಗರ್ಭಗುಡಿಯ ಬಾಗಿಲಿನ ಎರಡು ಕಡೆಗೂ ದ್ವಾರಪಾಲಕರನ್ನು ಕಡೆದು ನಿಲ್ಲಿಸಿದ. ಒಳಗಿನ ದೇವರಿಗೆ ಸಲ್ಲುವ ಆರತಿಯ ಬೆಳಕಿನಲ್ಲಿ ಅವರಿಗೂ ಒಂದು ಪಾಲು ದೊರೆಯುತ್ತದೆ. ಅವರು ಯಾರ ದ್ವಾರಪಾಲಕರೆಂದು ಭಕ್ತರಾರೂ ಕೇಳಬೇಕಾಗಿಲ್ಲ. ಸಮವಸ್ತ್ರ ತೊಟ್ಟು ಮಳೆಯಲ್ಲಿ ನಿಂತ ಮನುಷ್ಯನಿಗೆ ಮಾತ್ರ, ತಾನು ಯಾರವನೆಂದು ತಿಳಿಯುವುದಕ್ಕೆ ಮುಷ್ಕರ ಹೂಡಬೇಕಾಗಿದೆ.